ಗೈಡೆಡ್ ವೇವ್ ಟೆಸ್ಟ್‌ನಲ್ಲಿ ಏನೂ ಸಿಗಲಿಲ್ಲ, ಎರಡು ತಿಂಗಳಿಗೆ ಪೈಪ್ ಸೋರಿತು. ಎಲ್ಲಿ ತಪ್ಪಿದೆವು?

ಹೊಸ_ಇನ್ಸ್‌ಪೆಕ್ಟರ್:
ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ಇನ್ಸುಲೇಶನ್ ಹೊದಿಸಿದ 6 ಇಂಚಿನ ಕಾರ್ಬನ್ ಸ್ಟೀಲ್ ಲೈನ್ ಇದೆ. ಹೊದಿಕೆ ಪೂರ್ತಿ ಬಿಚ್ಚೋದು ಆಗದ ಮಾತು ಅಂತ ಗೈಡೆಡ್ ವೇವ್ ಟೆಸ್ಟ್ (ಪೈಪಿನ ಗೋಡೆಯುದ್ದಕ್ಕೂ ಅಲೆ ಕಳಿಸಿ, ವಾಪಸ್ ಬರುವ ಎಕೋ ಅಂದರೆ ಪ್ರತಿಧ್ವನಿ ನೋಡಿ ತುಕ್ಕು ಹುಡುಕುವ ಪರೀಕ್ಷೆ) ಮಾಡಿಸಿದೆವು. ಒಂದೇ ಜಾಗದಲ್ಲಿ ಕಾಲರ್ (ಅಲೆ ಕಳಿಸಿ ವಾಪಸ್ ಹಿಡಿಯುವ ಪಟ್ಟಿ) ಪೈಪ್ ಸುತ್ತ ಕಟ್ಟಿ ಎರಡೂ ದಿಕ್ಕಿಗೆ ಸುಮಾರು 25 ಮೀಟರ್ ನೋಡಿದರು. ರಿಪೋರ್ಟ್‌ನಲ್ಲಿ ಚಿಂತೆ ಮಾಡುವಂಥದ್ದು ಏನೂ ಇರಲಿಲ್ಲ. ಎರಡು ತಿಂಗಳಿಗೆ, ಕಾಲರ್ ಇದ್ದ ಜಾಗದಿಂದ 11 ಮೀಟರ್ ದೂರದಲ್ಲಿ ಸೋರಿಕೆ ಶುರುವಾಯಿತು. ಬಿಚ್ಚಿ ನೋಡಿದರೆ ಕಿರುಬೆರಳ ತುದಿಯಷ್ಟು ಅಗಲದ ಒಂದು ಗುಂಡಿ, ನಡುವೆ ತೂತು. ಸುತ್ತ ಕೈಯಾಡಿಸಿದರೆ ಲೋಹ ನುಣುಪಾಗಿಯೇ ಇತ್ತು. ಟೆಸ್ಟ್ ಮಾಡಿದವರು ಸರಿಯಾಗಿ ನೋಡಲಿಲ್ವಾ, ಅಥವಾ ಈ ವಿಧಾನವೇ ಇಷ್ಟೇನಾ? ಇನ್ನೂ ಆರು ಲೈನ್ ಬಾಕಿ ಇವೆ, ದಯವಿಟ್ಟು ಹೇಳಿ.

ಅಲೆ_ಮತ್ತು_ಲೋಹ:
ಟೆಸ್ಟ್ ಮಾಡಿದವರನ್ನು ಬೈಯುವ ಮೊದಲು ಒಂದು ಲೆಕ್ಕ ಹಾಕೋಣ. ಈ ಅಲೆ ಗುಂಡಿ ಎಷ್ಟು ಆಳ ಇದೆ ಅಂತ ನೋಡುವುದಿಲ್ಲ. ಪೈಪನ್ನು ಅಡ್ಡಡ್ಡ ಕೊಯ್ದರೆ ಕಾಣುವ ಲೋಹದ ಉಂಗುರ ಇದೆಯಲ್ಲ, ಅದರಲ್ಲಿ ಎಷ್ಟು ಪಾಲು ಕಾಣೆಯಾಗಿದೆ ಅನ್ನೋದಷ್ಟೇ ಅದಕ್ಕೆ ಗೊತ್ತಾಗೋದು. ನಿಮ್ಮದು ಶೆಡ್ಯೂಲ್ 40 (ಪೈಪ್ ಗೋಡೆಯ ದಪ್ಪ ಹೇಳುವ ದರ್ಜೆ) ಅಂದುಕೊಂಡರೆ ಹೊರವ್ಯಾಸ 168.3 ಮಿಮೀ, ಗೋಡೆ 7.1 ಮಿಮೀ. ಉಂಗುರದ ವಿಸ್ತೀರ್ಣ ಸುಮಾರು 3600 ಚದರ ಮಿಮೀ. ಸಾಮಾನ್ಯವಾಗಿ 5% ನಷ್ಟ ಆದರೆ ಗುರುತಿಸಬಹುದು ಅಂತಾರೆ, ಅಂದರೆ 180 ಚದರ ಮಿಮೀ. ನಿಮ್ಮ ಗುಂಡಿ 10 ಮಿಮೀ ಅಗಲ ಇದ್ದು ಗೋಡೆ ಪೂರ್ತಿ ತಿಂದು ಹಾಕಿದ್ದರೂ ಹೋಗಿದ್ದು 71 ಚದರ ಮಿಮೀ, ಬರೀ 2%. ಅದು ನಾಯ್ಸ್, ಅಂದರೆ ಹಿನ್ನೆಲೆ ಗದ್ದಲದ ಒಳಗೇ ಮುಳುಗಿಹೋಗುತ್ತದೆ. ಅದೇ ಗೋಡೆ ಅರ್ಧ ಮಾತ್ರ ಸವೆದು, ಸುತ್ತಳತೆಯಲ್ಲಿ 5 ಸೆಂಮೀ ಅಗಲ ಹರಡಿದ್ದರೆ ಸಿಕ್ಕಿಬೀಳುವ ಸಾಧ್ಯತೆ ಜಾಸ್ತಿ ಇರ್ತಿತ್ತು.

ಕಾರಣ ಅಲೆಯ ಉದ್ದದಲ್ಲಿದೆ. ದಪ್ಪ ಅಳೆಯುವ ಮಾಮೂಲಿ ಯುಟಿ (ಅಲ್ಟ್ರಾಸಾನಿಕ್ ಟೆಸ್ಟಿಂಗ್) ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ, ಅಲ್ಲಿ ಅಲೆ ಒಂದೆರಡು ಮಿಲಿಮೀಟರ್. ಇಲ್ಲಿ 20ರಿಂದ 100 ಕಿಲೋಹರ್ಟ್ಸ್ ಅಷ್ಟೇ. ಹೆಚ್ಚಾಗಿ ಬಳಸುವ ಟಾರ್ಶನಲ್ ಮೋಡ್, ಅಂದರೆ ಪೈಪನ್ನು ಬಟ್ಟೆ ಹಿಂಡಿದ ಹಾಗೆ ತಿರುಚುತ್ತಾ ಸಾಗುವ ಅಲೆ, ಸ್ಟೀಲ್‌ನಲ್ಲಿ ಸೆಕೆಂಡಿಗೆ ಸುಮಾರು 3260 ಮೀಟರ್ ಓಡುತ್ತದೆ. 30 ಕಿಲೋಹರ್ಟ್ಸ್‌ನಲ್ಲಿ ಅಲೆಯ ಉದ್ದ ಸುಮಾರು 11 ಸೆಂಮೀ ಆಯಿತು. ಅಷ್ಟು ಉದ್ದದ ಅಲೆ ಆಗಿರೋದಕ್ಕೇ ಅದು ಅಷ್ಟು ದೂರ ಹೋಗೋದು, ಸಣ್ಣ ಗುಂಡಿಯನ್ನು ದಾಟಿ ಹೋಗೋದೂ ಅದಕ್ಕೇ.

ಕಾಲರ್_ಕಟ್ಟುವವ:
ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಇದೇ ಕೆಲಸ ಮಾಡುವವನು. ರಿಪೋರ್ಟ್ ಕೈಗೆ ಬಂದಾಗ ಕಡೆಯ ಸಾಲು ಓದಿ ಮುಚ್ಚಿಡಬೇಡಿ, ಟ್ರೇಸ್ ಅಂದರೆ ದೂರಕ್ಕೆ ತಕ್ಕಂತೆ ಎಕೋ ತೋರಿಸುವ ಗ್ರಾಫ್ ನೋಡಿ. ಮೊದಲು ವೆಲ್ಡ್‌ಗಳನ್ನು ಹುಡುಕಿ, ಅವು ಸಮ ಅಂತರದಲ್ಲಿ ಎದ್ದು ನಿಂತಿರುತ್ತವೆ. ದೂರ ಹೋದಂತೆ ಆ ಎಕೋಗಳು ಎಷ್ಟು ಕುಗ್ಗುತ್ತವೆ ಅನ್ನೋದರ ಮೇಲೇ ಉಳಿದ ಲೆಕ್ಕವೆಲ್ಲ ನಿಂತಿದೆ. ವೆಲ್ಡ್ ಸುತ್ತಲೂ ಒಂದೇ ಸಮ ಇರೋದರಿಂದ ಅಲೆ ಹೋದ ರೂಪದಲ್ಲೇ ವಾಪಸ್ ಬರುತ್ತದೆ. ತುಕ್ಕು ಒಂದು ಪಕ್ಕದಲ್ಲಿ ಮಾತ್ರ ಇದ್ದರೆ, ಜೊತೆಗೆ ಪೈಪನ್ನು ಬಳುಕಿಸುವ ಫ್ಲೆಕ್ಸುರಲ್ ಅಲೆಯೂ ಹುಟ್ಟಿ ಬರುತ್ತದೆ. ಪರದೆಯ ಮೇಲೆ ಸಾಮಾನ್ಯವಾಗಿ ಮೊದಲನೆಯದು ಕಪ್ಪು ಗೆರೆ, ಎರಡನೆಯದು ಕೆಂಪು. ವೆಲ್ಡ್ ಇಲ್ಲದ ಕಡೆ ಕೆಂಪು ಎದ್ದರೆ ಅದು ಚಿಕ್ಕದಿದ್ದರೂ ನಾನು ಸುಮ್ನೆ ಬಿಡುವುದಿಲ್ಲ.

ಇನ್ನೊಂದು, ಎಷ್ಟು ಫ್ರೀಕ್ವೆನ್ಸಿಯಲ್ಲಿ ನೋಡಿದರು ಅಂತ ಕೇಳಿ. ತುಕ್ಕಿನ ಎರಡು ಅಂಚುಗಳಿಂದಲೂ ಎಕೋ ಬರುತ್ತದೆ, ಆ ಜಾಗದ ಉದ್ದ ಅಲೆಯ ಅರ್ಧದಷ್ಟಿದ್ದರೆ ಎರಡೂ ಒಂದನ್ನೊಂದು ಅಳಿಸಿಹಾಕಬಹುದು. ಹಾಗಾಗಿ ಒಂದೇ ಫ್ರೀಕ್ವೆನ್ಸಿಯಲ್ಲಿ ನೋಡಿ ಎದ್ದು ಹೋಗೋದು ಸರಿಯಲ್ಲ. ಕಾಲರ್ ಪಕ್ಕದ ಸ್ವಲ್ಪ ಜಾಗ ಕುರುಡು, ಅದನ್ನು ಕೈಯಲ್ಲೇ ನೋಡಬೇಕು. ಫ್ಲ್ಯಾಂಜ್ (ಪೈಪ್‌ಗಳನ್ನು ಬೋಲ್ಟ್ ಹಾಕಿ ಜೋಡಿಸುವ ಅಂಚು) ಬಂದರೆ ಅಲ್ಲಿಗೆ ಮುಗಿಯಿತು, ಅಲೆ ಪೂರ್ತಿ ವಾಪಸ್. ಬೆಂಡ್ ದಾಟಿದ ಮೇಲಿನ ಎಕೋಗಳನ್ನು ನಾನು ಅಷ್ಟಾಗಿ ನಂಬಲ್ಲ.

ಹೊಸ_ಇನ್ಸ್‌ಪೆಕ್ಟರ್:
ತುಂಬಾ ಧನ್ಯವಾದ. ಈಗ ಟ್ರೇಸ್ ತೆಗೆದು ನೋಡಿದೆ. 11 ಮೀಟರ್ ಹತ್ತಿರ ಒಂದು ಪುಟ್ಟ ಕೆಂಪು ಉಬ್ಬು ಇದೆ, ‘ಸಪೋರ್ಟ್’ ಅಂತ ಬರೆದು ಬಿಟ್ಟಿದ್ದಾರೆ. ಅಲ್ಲಿ ನಿಜವಾಗಲೂ ಸಪೋರ್ಟ್ ಇದೆ.

ಕಾಲರ್_ಕಟ್ಟುವವ:
ಅಯ್ಯೋ, ಅದೇ ನೋಡಿ. ಪೈಪ್ ಸಪೋರ್ಟ್ ಮೇಲೆ ಕೂರುವ ಜಾಗದಲ್ಲೇ ನೀರು ನಿಂತು ಅಡಿಯಿಂದ ತುಕ್ಕು ತಿನ್ನೋದು. ಬರೀ ಕೂತಿರುವ ಸಪೋರ್ಟ್ ಕೂಡ ಚಿಕ್ಕ ಎಕೋ ಕೊಡುತ್ತದೆ, ಹಾಗಾಗಿ ಆ ಉಬ್ಬು ಬರೀ ಸಪೋರ್ಟಿನದೇ ಇರಬಹುದು, ಅದರ ಮರೆಯಲ್ಲಿ ತುಕ್ಕೂ ಇರಬಹುದು. ಅದೇ ಲೈನ್‌ನ ಬೇರೆ ಸಪೋರ್ಟ್‌ಗಳ ಎಕೋ ಜೊತೆ ಹೋಲಿಸಿ. ಒಂದೇ ಥರದ ಸಪೋರ್ಟ್‌ಗಳಲ್ಲಿ ಒಂದು ಮಾತ್ರ ಬೇರೆ ಥರ ಕಂಡರೆ, ಅಲ್ಲಿ ಹೊದಿಕೆ ಬಿಚ್ಚಿಸಿ ಯುಟಿ ಹಿಡಿದು ದಪ್ಪ ಅಳೆಯಿರಿ.

ಅಲೆ_ಮತ್ತು_ಲೋಹ:
ಬಾಕಿ ಆರು ಲೈನ್‌ಗಳಲ್ಲಿ ಹೂತಿರುವ ಭಾಗ ಇದ್ದರೆ 25 ಮೀಟರ್ ನಿರೀಕ್ಷೆ ಬೇಡ. ದಪ್ಪ ಬಿಟುಮೆನ್ ಲೇಪ ಅಲೆಯನ್ನು ಹೀರಿಕೊಳ್ಳುತ್ತದೆ, ಕೆಲವೇ ಮೀಟರ್‌ಗೆ ಸುಸ್ತಾಗುತ್ತದೆ. ಒಳಗೆ ನೀರಿದ್ದರೆ ತೊಂದರೆ ಇಲ್ಲ, ತಿರುಚುವ ಅಲೆ ನೀರಿಗೆ ಅಷ್ಟಾಗಿ ಸೋರುವುದಿಲ್ಲ. ಪದೇ ಪದೇ ಬಿಚ್ಚೋಕೆ ಆಗದ ಕಡೆ ಕಾಲರ್ ಅಲ್ಲೇ ಬಿಡುವ ಪದ್ಧತಿಯೂ ಇದೆ. ಆಗ ಹಿಂದಿನ ಟ್ರೇಸ್‌ನ್ನು ಇಂದಿನದರಿಂದ ಕಳೆದು ನೋಡಬಹುದು, 5%ಗಿಂತ ಚಿಕ್ಕ ಬದಲಾವಣೆಯೂ ಕಾಣುತ್ತದೆ.

ಹೊಸ_ಇನ್ಸ್‌ಪೆಕ್ಟರ್:
ಆ ಲೈನ್‌ನಲ್ಲಿ ಇನ್ನೂ 9 ಸಪೋರ್ಟ್ ಇವೆ. ಹೋಲಿಸಿ ನೋಡಿದೆ, ಎರಡರಲ್ಲಿ ಕೆಂಪು ಜಾಸ್ತಿ ಇದೆ. ನಾಳೆ ಆ ಎರಡನ್ನು ಬಿಚ್ಚಿಸುತ್ತೇನೆ, ಅಳತೆ ಬಂದ ತಕ್ಷಣ ಇಲ್ಲೇ ಹಾಕುತ್ತೇನೆ.