‘ಫ್ರೀಲಾನ್ಸ್ ರೈಟರ್’ಗೆ ಬೋರ್ಡಿನ ಮೇಲೆ ಏನು ಬರೆಸಲಿ? ನಾಳೆಯೊಳಗೆ ಬೇಕು

ಹಾಸನದಿಂದ:
ಎಲ್ಲರಿಗೂ ನಮಸ್ಕಾರ. ನಾನು ಫ್ರೀಲಾನ್ಸ್ ರೈಟರ್, ಅಂದರೆ ಯಾವ ಕಚೇರಿಗೂ ಸೇರದೆ ಕೇಳಿದವರಿಗೆ ದುಡ್ಡಿಗೆ ಬರೆದುಕೊಡುವವನು. ಅದಕ್ಕಾಗಿ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಪುಟ್ಟ ರೂಮು ಬಾಡಿಗೆಗೆ ಹಿಡಿದಿದ್ದೇನೆ. ಅಂಗಡಿ ಬೋರ್ಡಿನಲ್ಲಿ ನೂರಕ್ಕೆ 60 ಭಾಗ ಕನ್ನಡ ಇರಬೇಕು ಅಂತ 2024ರಲ್ಲಿ ಕಾಯಿದೆ ಬಂತಲ್ಲ, ನನ್ನದು ಪೂರ್ತಿ ಕನ್ನಡದಲ್ಲೇ ಇರಲಿ ಅಂತ ಆಸೆ. ನಾಳೆ ಸಂಜೆ ಪೇಂಟರ್ ಬರುತ್ತಾನೆ.

‘ಹವ್ಯಾಸಿ ಬರಹಗಾರ’ ಮಾತ್ರ ಬೇಡ. ಪತ್ರಿಕೆಗಳಲ್ಲಿ ಹಾಗೇ ಹಾಕುತ್ತಾರೆ, ಆದರೆ ನನಗಿದು ಹವ್ಯಾಸ ಅಲ್ಲ, ಮನೆ ನಡೆಯುವುದೇ ಇದರಿಂದ. ಈ ತಿಂಗಳು ಕಾಫಿಯ ಬಿಳಿ ಕಾಂಡಕೊರಕದ ಮೇಲೆ ಒಂದು ಕೈಪಿಡಿ, ಮದುವೆ ಛತ್ರದ ಕರಪತ್ರ, ಆಲೂಗೆಡ್ಡೆಯ ಅಂಗಮಾರಿ ರೋಗದ ಲೇಖನ, ಒಬ್ಬರ ನಿವೃತ್ತಿ ಭಾಷಣ, ಮಧ್ಯದಲ್ಲಿ ಒಂದು ನಾಮಕರಣದ ಪದ್ಯ. ಹೋದ ಸಲ ಒಬ್ಬರು ನನ್ನ ಕಾರ್ಡು ನೋಡಿ ‘ಹವ್ಯಾಸಿ ಅಂತಿದೆಯಲ್ಲ, ಮತ್ತೆ ದುಡ್ಡು ಯಾಕೆ?’ ಅಂದರು. ‘ಸ್ವತಂತ್ರ ಬರಹಗಾರ’ ಅಂದರೆ ಪೇಂಟರ್ ‘ಸ್ವಾತಂತ್ರ್ಯ ಹೋರಾಟಗಾರರ ಪೈಕಿನಾ ಸಾರ್?’ ಅಂತ ಕೇಳಿದ.

ಚಿಕ್ಕಮಗಳೂರಿನಿಂದ:
ಬಿಡಿಬರಹಗಾರ. ಬಿಡಿ ಹೂವು, ಬಿಡಿಭಾಗ ಇದ್ದ ಹಾಗೆ. ‘ಗಾರ’ ಕೂಡ ಸಂಸ್ಕೃತದ ‘ಕಾರ’ದಿಂದ ಬಂದಿದ್ದು, ಅದನ್ನೂ ಬಿಟ್ಟು ‘ಬಿಡಿಬರಿಗ’ ಅಂದರೆ ಇನ್ನೂ ಒಳ್ಳೆಯದು.

ಸಕಲೇಶಪುರದಿಂದ:
ಬಿಡಿಬರಿಗನಾ? ಬೀಡಿ ಕೇಳಿಕೊಂಡು ಬರುತ್ತಾರೆ ಜನ. ಮೊದಲು ಮೂಲ ನೋಡಿ ಸ್ವಾಮಿ. ಲಾನ್ಸ್ ಅಂದರೆ ಈಟಿ. 1819ರ ಕೊನೆಯಲ್ಲಿ ಬಂದ ಸ್ಕಾಟ್‌ನ ‘ಐವನ್‌ಹೋ’ದಲ್ಲಿ ದುಡ್ಡಿಗೆ ಕಾದುವ ಸವಾರರಿಗೆ ‘ಫ್ರೀ ಲಾನ್ಸ್’ ಅನ್ನುವ ಮಾತು ಬರುತ್ತದೆ. ನಮಗೆ ಈಟಿ ಯಾಕೆ, ಉಳಿ ಇಲ್ವಾ? ಹೊಯ್ಸಳರ ಕಾಲದ ಶಿಲ್ಪಿ ದಾಸೋಜ, ಅವನ ಮಗ ಚಾವಣ ಬಳ್ಳಿಗಾವೆಯಿಂದ ಬೇಲೂರಿಗೆ ಬಂದು ಕೆತ್ತಿ, ವಿಗ್ರಹದ ಕೆಳಗೆ ತಮ್ಮ ಹೆಸರನ್ನೂ ಕಂಡರಿಸಿ ಹೋದರು. ಅವರು ರೂವಾರಿಗಳು, ಅಂದರೆ ಶಿಲ್ಪಿಗಳು. ರೂಪಕಾರಿ ಸವೆದು ರೂವಾರಿ ಆಯಿತು. ಅದೇ ದಾರಿಯಲ್ಲಿ ‘ಬರೆವಾರಿ’ ಮಾಡಿಕೊಳ್ಳಿ, ಎಷ್ಟು ಚೆಂದ ಇದೆ.

ಚಿಕ್ಕಮಗಳೂರಿನಿಂದ:
ರೂಪವೂ ಸಂಸ್ಕೃತ, ಕಾರಿಯೂ ಸಂಸ್ಕೃತ. ಸಾಲದ ಬೆಲ್ಲದಲ್ಲಿ ಹೋಳಿಗೆ ಮಾಡಿ ನಮ್ಮನೆಯದು ಅನ್ನಬೇಡಿ.

ಬೇಲೂರಿನಿಂದ:
ಯಾವಾಗ ನೋಡಿದರೂ ಸಾಲ, ಸಾಲ. ನಮ್ಮ ತಾಲ್ಲೂಕಿನ ಹಲ್ಮಿಡಿ ಶಾಸನ ಸುಮಾರು ಕ್ರಿ.ಶ. 450ರದು, ಇರುವುದು 16 ಸಾಲು, ಶುರುವಾಗುವುದೇ ಸಂಸ್ಕೃತ ಶ್ಲೋಕದಿಂದ. ಅದನ್ನು ಏನು ಮಾಡೋಣ, ಉಜ್ಜಿ ಹಾಕೋಣವಾ? ನೀವು ಬರೆಯುವ ಕಾಗದ ಪಾರ್ಸಿಯದು. ಆಲೂಗೆಡ್ಡೆಯಲ್ಲಿ ಆಲೂ ಉತ್ತರದ್ದು, ಗೆಡ್ಡೆ ಮಾತ್ರ ನಮ್ಮದು. ಹಾಸನದವರು ಅದನ್ನು ಬೆಳೆಯುವುದು ಬಿಟ್ಟರಾ? ಸುಮ್ನೆ ‘ಫ್ರೀಲಾನ್ಸ್’ ಅಂತಲೇ ಕನ್ನಡ ಅಕ್ಷರದಲ್ಲಿ ಬರೆಸಿ.

ಚಿಕ್ಕಮಗಳೂರಿನಿಂದ:
ಶಾಸನ ಬರೆಸಿದವರು ಅರಸರು, ಊರಿನವರು ಅಲ್ಲ. ಹೋಲಿಕೆ ತಪ್ಪು.

ಹಾಸನದಿಂದ:
ನೀವು ಮೂರೂ ಜನ ಹಲ್ಮಿಡಿಗೆ ಹೋಗಿ ಬರುವಷ್ಟರಲ್ಲಿ ಪೇಂಟರ್ ಬಂದು ಕೂತಿದ್ದ. ‘ಫ್ರೀಲಾನ್ಸ್’ ಅಂತ ಹಾಕಿದರೆ ಬ್ಯಾಂಕಿಗೆ ಅರ್ಜಿ ಬರೆಸಲು ಬರುವ ಅಜ್ಜಿಗೆ ಏನು ತಿಳಿಯಬೇಕು? ಬರೆವಾರಿ ಚೆಂದ ಇದೆ, ಆದರೆ ದಿನಕ್ಕೆ ಹತ್ತು ಸಲ ಅರ್ಥ ಹೇಳುತ್ತಾ ಕೂರಬೇಕು. ಕೊನೆಗೆ ‘ಇಲ್ಲಿ ಬರೆದು ಕೊಡಲಾಗುತ್ತದೆ’ ಅಂತ ಬರೆಸಿದೆ. ಬೋರ್ಡಿಗೆ ನಾನು ಯಾರು ಅನ್ನುವುದಕ್ಕಿಂತ ಏನು ಮಾಡುತ್ತೇನೆ ಅನ್ನುವುದೇ ಸಾಕು ಅನ್ನಿಸಿತು. ಕಾರ್ಡಿಗೆ ಮಾತ್ರ ‘ಬಿಡಿ ಬರಹಗಾರ’ ಇಟ್ಟುಕೊಳ್ಳುತ್ತೇನೆ, ಗಾರ ಇರಲಿ. ಎಲ್ಲರಿಗೂ ಥ್ಯಾಂಕ್ಸ್.

ಚಿಕ್ಕಮಗಳೂರಿನಿಂದ:
ಮಧ್ಯೆ ಜಾಗ ಬಿಡಬೇಡಿ. ಅದು ಸಮಾಸ.