ಟೋಗಾ ಒತ್ತಿದ ಮೇಲೆ 84 ನಾಟ್‌ನಲ್ಲಿ ಎಂಜಿನ್ ಸುಸ್ತಾಗೋದ್ಯಾಕೆ?

ಪ್ರಶ್ನೆ (ವಿನೋಬನಗರ, ಶಿವಮೊಗ್ಗ):
ಕ್ಯಾಪ್ಟನ್ ಸರ್, ನಮಸ್ಕಾರ. ಮೂರು ವಾರದಿಂದ ನೆಲ ಬಿಟ್ಟು ಏಳೋಕೆ ಆಗ್ತಿಲ್ಲ. ಮನೆಯ ಕಂಪ್ಯೂಟರ್‌ನಲ್ಲಿ ವಿಮಾನ ಹಾರಿಸೋ ಸಿಮ್ಯುಲೇಟರ್‌ಗೆ ದುಡ್ಡು ಕೊಟ್ಟು ಬೋಯಿಂಗ್ 737-800 ತಗೊಂಡೆ. ನಮ್ಮ ಸೋಗಾನೆ ನಿಲ್ದಾಣದಿಂದಲೇ ಹೊರಡುತ್ತೇನೆ. ಆಟೋಥ್ರಾಟಲ್ (ಎಂಜಿನ್ ಶಕ್ತಿಯನ್ನು ತಾನೇ ಹೊಂದಿಸೋ ವ್ಯವಸ್ಥೆ) ಆರ್ಮ್ ಮಾಡಿ, ಅಂದರೆ ಸಿದ್ಧವಾಗಿಟ್ಟು, ಟೋಗಾ (ಟೇಕಾಫ್ ಶಕ್ತಿ ಕೇಳೋ ಬಟನ್) ಒತ್ತಿದ ತಕ್ಷಣ ಮೂತಿ ಎಡಕ್ಕೆ ಎಳೆದು ಹುಲ್ಲಿಗೆ ಇಳಿಯುತ್ತದೆ. ಹೇಗೋ ನೇರ ಮಾಡಿಕೊಂಡರೆ 80-90 ನಾಟ್ ಹೊತ್ತಿಗೆ ಎಂಜಿನ್ ಸದ್ದು ಕುಸಿಯುತ್ತದೆ. 3,200 ಮೀಟರ್ ರನ್‌ವೇ ಅಷ್ಟೂ ಮುಗಿದರೂ ವೇಗ ಏರಲ್ಲ. ಪ್ರತಿ ಸಲ ಹೀಗಾಗಲ್ಲ, ಐದಕ್ಕೆ ಮೂರು ಸಲ. "ಅಣ್ಣಾ, ನೀನು ಬಸ್ಸಲ್ಲೇ ಹೋಗು" ಅಂತಾಳೆ ತಂಗಿ.

ಉತ್ತರ (737 ಪೈಲಟ್, ಊರು ಸಾಗರದ ಕಡೆ):
ಮೊದಲು ಒಂದು ಮಾತು ಹೇಳಿ. ಟೋಗಾ ಒತ್ತುವಾಗ ನಿಮ್ಮ ಮೇಜಿನ ಮೇಲಿರೋ ಥ್ರಾಟಲ್ ಎಲ್ಲಿರುತ್ತದೆ?

ಪ್ರಶ್ನೆ ಕೇಳಿದವರು:
ಪೂರ್ತಿ ಹಿಂದೆ, ಐಡಲ್‌ನಲ್ಲಿ (ಅತಿ ಕಡಿಮೆ ಶಕ್ತಿಯಲ್ಲಿ). ಆಟೋ ಅಲ್ವಾ ಸರ್, ನಾನ್ಯಾಕೆ ಮುಟ್ಟಲಿ ಅಂತ ಸುಮ್ನೆ ಬಿಟ್ಟಿದ್ದೆ.

ಉತ್ತರ:
ಸಿಕ್ಕಿತು ನೋಡಿ. ಎರಡೂ ತೊಂದರೆಯ ಬೇರು ಅಲ್ಲೇ ಇದೆ.

ಎಡಕ್ಕೆ ಎಳೆಯೋದು ಸಣ್ಣ ವಿಷಯ. ಜೆಟ್ ಎಂಜಿನ್ ಐಡಲ್‌ನಿಂದ ಮೇಲೇಳುವಾಗ ನಿಧಾನ. ಎರಡೂ ಒಂದೇ ಹೊತ್ತಿಗೆ ಏಳುತ್ತವೆ ಅನ್ನೋ ಗ್ಯಾರಂಟಿ ಇಲ್ಲ. ಒಂದು ಮುಂದೆ ಹೋದರೆ ಮೂತಿ ಇನ್ನೊಂದರ ಕಡೆ ತಿರುಗುತ್ತದೆ. ಅದಕ್ಕೇ ನಾವು ಮೊದಲು ಕೈಯಿಂದಲೇ ಥ್ರಾಟಲ್ ಲಿವರ್ ತಳ್ಳಿ ಎನ್1 (ಎಂಜಿನ್ ಮುಂದಿನ ಫ್ಯಾನ್ ತಿರುಗೋ ವೇಗ) ಸುಮಾರು 40 ಪರ್ಸೆಂಟ್‌ಗೆ ತರುತ್ತೇವೆ. ಎರಡು ಮುಳ್ಳೂ ಸಮ ಆದ ಮೇಲೇ ಟೋಗಾ. ಎತ್ತಿನ ಗಾಡಿ ಹೂಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನು ನಿಜವಾದ ತೊಂದರೆ. 737ರಲ್ಲಿ ಟೋಗಾ ಒತ್ತಿದರೆ ಲಿವರ್‌ಗಳೇ ಮೋಟಾರಿನಿಂದ ಮುಂದೆ ಸರಿಯುತ್ತವೆ. ಅಂಗೈ ಕೆಳಗೆ ಅವು ಜಾರಿ ಹೋಗೋದು ಗೊತ್ತಾಗುತ್ತದೆ. ಸ್ಕ್ರೀನ್ ಮೇಲೆ ಆಗ 'ಎನ್1' ಅಂತ ಬರೆದಿರುತ್ತದೆ. 84 ನಾಟ್ ಆದಾಗ ಅದು ಹೋಗಿ 'ಥ್ರಾಟಲ್ ಹೋಲ್ಡ್' ಬರುತ್ತದೆ. ಅಲ್ಲಿಗೆ ಆಟೋಥ್ರಾಟಲ್ ಲಿವರ್‌ನಿಂದ ಕೈ ತೆಗೆಯಿತು ಅಂತ ಅರ್ಥ. ಅಷ್ಟು ವೇಗದಲ್ಲಿ ಓಡುವಾಗ ಏನೋ ಕೆಟ್ಟು ಮೋಟಾರು ಲಿವರನ್ನು ಹಿಂದೆ ಎಳೆದುಬಿಟ್ಟರೆ? ಅದಾಗಬಾರದು ಅಂತಲೇ ಈ ಏರ್ಪಾಡು. ಲಿವರ್ ಎಲ್ಲಿತ್ತೋ ಅಲ್ಲೇ ಇರುತ್ತದೆ. ನೆಲ ಬಿಟ್ಟು ಸುಮಾರು 800 ಅಡಿ ಏರೋವರೆಗೂ ಅದು ಮತ್ತೆ ಕೆಲಸಕ್ಕೆ ಬರಲ್ಲ.

ಈಗ ನಿಮ್ಮ ಮನೆಗೆ ಬನ್ನಿ. ನಿಮ್ಮ ಥ್ರಾಟಲ್‌ಗೆ ಮೋಟಾರಿಲ್ಲ. ಸ್ಕ್ರೀನಿನ ಲಿವರ್ ಮುಂದಿದೆ, ಮೇಜಿನದು ಐಡಲ್‌ನಲ್ಲೇ ಕೂತಿದೆ. 84 ನಾಟ್‌ನಲ್ಲಿ ಹೋಲ್ಡ್ ಬಂದ ಕೂಡಲೇ ಸಿಮ್ಯುಲೇಟರು "ಇನ್ನು ಕೈಯಿಂದ ನಡೆಸುವವರು ಇವರೇ" ಅಂತ ನಿಮ್ಮ ಥ್ರಾಟಲ್ ಕಡೆ ನೋಡುತ್ತದೆ. ಅದು ಕೂದಲೆಳೆಯಷ್ಟು ಅಲುಗಾಡಿದರೂ ಸಾಕು, ಐಡಲ್ ಅನ್ನೋ ಸಂದೇಶ ಹೋಗುತ್ತದೆ. ಎಂಜಿನ್ ಇಳಿಯುತ್ತದೆ. ಒಳಗೆ ಲಿವರ್ ಎಲ್ಲಿದೆ ಅಂತ ಅಳೆಯೋ ಪೊಟೆನ್ಶಿಯೋಮೀಟರ್‌ಗೆ ಧೂಳು ಕೂತರೆ ಮುಟ್ಟದೇ ಇದ್ದರೂ ನಡುಗುತ್ತದೆ. ಐದಕ್ಕೆ ಮೂರು ಸಲ ಅಂದಿರಲ್ಲ, ನಡುಗಿದಾಗ ಮಾತ್ರ ಹಾಗಾಗ್ತಿದೆ.

ಹೀಗೆ ಮಾಡಿ. 40 ಪರ್ಸೆಂಟ್, ಎರಡೂ ಸಮ, ಟೋಗಾ. ಸ್ಕ್ರೀನಿನ ಲಿವರ್ ಮುಂದೆ ಹೋಗ್ತಾ ಇದ್ದಂತೆ ನಿಮ್ಮದನ್ನೂ ಜೊತೆಗೇ ತಳ್ಳಿ. 84 ಆಗುವಷ್ಟರಲ್ಲಿ ಎರಡೂ ಹತ್ತಿರ ಹತ್ತಿರ ಇರಲಿ. ಸಣ್ಣ ಅಲುಗಾಟವನ್ನು ಲೆಕ್ಕಕ್ಕೆ ತಗೊಳ್ಳದ ಹಾಗೆ ಸೆಟಿಂಗ್‌ನಲ್ಲಿ ಸ್ವಲ್ಪ ಡೆಡ್‌ಜೋನ್ ಕೊಡಿ.

ಪ್ರಶ್ನೆ ಕೇಳಿದವರು:
ಆಪ್ಷನ್‌ನಲ್ಲಿ "ಆಟೋಥ್ರಾಟಲ್ ಇರುವಾಗ ಥ್ರಾಟಲ್ ಕಡೆ ನೋಡಲೇಬೇಡ" ಅನ್ನೋ ತರಹ ಒಂದಿದೆ. ಅದನ್ನೇ ಹಾಕಿದರೆ ಸುಲಭ ಅಲ್ವಾ ಸರ್?

ಉತ್ತರ:
ಸುಲಭ. ನನಗೆ ಹಿಡಿಸಲ್ಲ. ವಿ1ಗೆ (ಟೇಕಾಫ್ ನಿಲ್ಲಿಸೋಕೆ ಕೊನೆಯ ವೇಗ) ಮೊದಲು ಏನಾದರೂ ಆಗಿ ನಿಲ್ಲಿಸಬೇಕಾದರೆ ಥ್ರಾಟಲ್ ಹಿಂದೆ ಎಳೀತೀರಿ. ಅದನ್ನು ಕೇಳಿಸಿಕೊಳ್ಳುವವರೇ ಇರಲ್ಲ, ಮೊದಲು ಆಟೋಥ್ರಾಟಲ್ ಕಳಚಬೇಕು. ಆ ಎರಡು ಸೆಕೆಂಡ್ ಬಹಳ ದುಬಾರಿ. ವಿ1 ತನಕ ಕ್ಯಾಪ್ಟನ್ ಕೈ ಲಿವರ್ ಮೇಲೇ ಇರಬೇಕು ಅನ್ನೋದು ಇದಕ್ಕೇ.

ಅಂದಹಾಗೆ, ಟೋಗಾ ಒತ್ತಿದರೂ ಲಿವರ್ ಕದಲದೇ ಇದ್ದರೆ ಎಫ್‌ಎಂಸಿ (ವಿಮಾನದ ಲೆಕ್ಕ ಹಾಕೋ ಕಂಪ್ಯೂಟರ್) ನೋಡಿ. ಹೊರಗಿನ ಉಷ್ಣಾಂಶ ತುಂಬದಿದ್ದರೆ ಎಷ್ಟು ಎನ್1 ಬೇಕು ಅಂತ ಅದಕ್ಕೆ ಗೊತ್ತಾಗಲ್ಲ. ಇನ್ನೊಂದು, ಸೋಗಾನೆಯಷ್ಟು ಉದ್ದದ ರನ್‌ವೇಯಲ್ಲಿ, ಹಗುರ ವಿಮಾನಕ್ಕೆ ಪೂರ್ತಿ ಥ್ರಸ್ಟ್ (ಎಂಜಿನ್‌ನ ನೂಕುಬಲ) ಬೇಕಾಗಲ್ಲ. ಹೊರಗೆ 26 ಡಿಗ್ರಿ ಇದ್ದರೂ 50 ಅಂತ ಹಾಕುತ್ತೇವೆ. ಬಿಸಿಗಾಳಿ ಅಂದುಕೊಂಡು ಎಫ್‌ಎಂಸಿ ಥ್ರಸ್ಟ್ ಇಳಿಸಿಕೊಡುತ್ತದೆ. ಎಂಜಿನ್‌ಗೆ ಆಯಸ್ಸು. ಆದರೆ ಈ ಲೆಕ್ಕದಲ್ಲಿ 25 ಪರ್ಸೆಂಟ್‌ಗಿಂತ ಜಾಸ್ತಿ ಇಳಿಸುವಂತಿಲ್ಲ.

ಇನ್ನೊಬ್ಬರು (ತೀರ್ಥಹಳ್ಳಿ):
ಸರ್, ಮಧ್ಯೆ ಬಾಯಿ ಹಾಕ್ತಿದ್ದೀನಿ. 2023ರ ಆಗಸ್ಟ್ 31ಕ್ಕೆ ಶಿವಮೊಗ್ಗಕ್ಕೆ ಮೊದಲ ಪ್ರಯಾಣಿಕ ವಿಮಾನವಾಗಿ ಬಂದಿದ್ದು ಎಟಿಆರ್ ಅನ್ನೋ ಪ್ರೊಪೆಲ್ಲರ್ ವಿಮಾನ. ಅದನ್ನೇ ಹಾರಿಸೋಣ ಅಂತ ಕೂತರೆ ಆಟೋಥ್ರಾಟಲ್ ಸ್ವಿಚ್ಚೇ ಕಾಣ್ತಿಲ್ಲ.

ಉತ್ತರ:
ಇಲ್ಲದ್ದು ಎಲ್ಲಿ ಕಾಣಬೇಕು ಮಾರಾಯ್ರೆ! ಎಟಿಆರ್ 72-600ರಲ್ಲಿ ಆಟೋಥ್ರಾಟಲ್ ಇಲ್ಲ. ಪವರ್ ಲಿವರನ್ನು ಕೈಯಿಂದ ನಾಚ್‌ಗೆ (ಗುರುತಿನ ಕಚ್ಚಿಗೆ) ತಳ್ಳಿ ಅಲ್ಲೇ ಬಿಡೋದು. ಮೊದಲು ನಾನೂ ಅದನ್ನೇ ಹಾರಿಸ್ತಿದ್ದೆ, ಇವತ್ತಿಗೂ ಅದರ ಮೇಲೆ ಪ್ರೀತಿ. ಆದರೆ ಅದರಲ್ಲಿ ಬೇರೆ ಒಂದು ಆಟೋಮ್ಯಾಟಿಕ್ ಇದೆ, ಎಟಿಪಿಸಿಎಸ್ ಅಂತ. ಮಾಮೂಲಿ ಟೇಕಾಫ್‌ನಲ್ಲಿ ಟಾರ್ಕ್ (ಪ್ರೊಪೆಲ್ಲರ್ ತಿರುಗಿಸೋ ಬಲ) 90 ಪರ್ಸೆಂಟ್. ಒಂದು ಎಂಜಿನ್‌ನ ಟಾರ್ಕ್ 18ಕ್ಕಿಂತ ಕೆಳಗೆ ಬಿದ್ದರೆ ಇನ್ನೊಂದನ್ನು ಅದೇ 100ಕ್ಕೆ ಏರಿಸುತ್ತದೆ. ಎರಡು ಸೆಕೆಂಡ್ ಚಿಲ್ಲರೆಯಲ್ಲಿ ಸತ್ತ ಎಂಜಿನ್‌ನ ಪ್ರೊಪೆಲ್ಲರ್ ಎಲೆಗಳನ್ನು ಗಾಳಿಗೆ ಅಂಚು ಕೊಡುವ ಹಾಗೆ ತಿರುಗಿಸಿಬಿಡುತ್ತದೆ. ಇಲ್ಲದಿದ್ದರೆ ಆ ಪ್ರೊಪೆಲ್ಲರ್ ಎದುರಿಗೆ ಹಿಡಿದ ಹಲಗೆಯ ತರಹ ಗಾಳಿಗೆ ಅಡ್ಡ ನಿಲ್ಲುತ್ತದೆ. ಲಿವರ್ ಮುಂದೆ ಹೋದ ಮೇಲೆ ಹಸಿರು 'ಆರ್ಮ್' ದೀಪ ಹತ್ತಿತಾ ನೋಡಿಕೊಳ್ಳಿ.

ಮತ್ತೊಬ್ಬರು (ಕೊಪ್ಪ):
ಏರ್‌ಬಸ್ 320ರಲ್ಲಿ ಟೋಗಾ ಬಟನ್ ಎಲ್ಲಿದೆ?

ಉತ್ತರ:
ಬಟನ್ ಇಲ್ಲ, ಲಿವರ್‌ನ ಕೊನೆಯ ಕಚ್ಚೇ ಟೋಗಾ. ಅಲ್ಲಿಗೋ ಅದರ ಹಿಂದಿನ ಫ್ಲೆಕ್ಸ್ (ಇಳಿಸಿದ ಥ್ರಸ್ಟ್‌ನ) ಕಚ್ಚಿಗೋ ತಳ್ಳಿದರೆ ಆಟೋಥ್ರಸ್ಟ್ ತಾನೇ ಆರ್ಮ್ ಆಗುತ್ತದೆ. ಅದರ ಲಿವರ್ ತಾನಾಗಿ ಅಲುಗಾಡುವುದಿಲ್ಲ, ಹಾಗಾಗಿ ಮನೆಯ ಥ್ರಾಟಲ್‌ಗೆ ಏರ್‌ಬಸ್ಸೇ ಹೊಂದುತ್ತದೆ. ಮೇಲೆ ಹೋದಾಗ ಕ್ಲೈಂಬ್ ಕಚ್ಚಿಗೆ ಎಳೆಯಿರಿ ಅಂತ ಸ್ಕ್ರೀನ್ ಮಿನುಗುತ್ತದೆ, ಆಗ ಎಳೆದರೆ ಆಯ್ತು. ಈ ಕಚ್ಚುಗಳನ್ನು ಮೊದಲೇ ಕ್ಯಾಲಿಬ್ರೇಟ್ ಮಾಡಿಕೊಳ್ಳಿ.

ಪ್ರಶ್ನೆ ಕೇಳಿದವರು (ರಾತ್ರಿ):
ಸರ್, ನೀವು ಹೇಳಿದ ಹಾಗೇ ಮಾಡಿದೆ. ಹತ್ತಕ್ಕೆ ಹತ್ತು ಸಲ ಹಾರಿತು. ತಂಗಿ ಪಕ್ಕದಲ್ಲಿ ಕೂತು "84" ಅಂತ ಕೂಗುವ ಕೆಲಸ ವಹಿಸಿಕೊಂಡಿದ್ದಾಳೆ. ಹನ್ನೊಂದನೇ ಸಲ ವಿ1 ದಾಟುವ ಹೊತ್ತಿಗೆ ಗುಡುಗಿತು, ಕರೆಂಟ್ ಹೋಯಿತು.