ಪದಚರ್ಚೆ: ‘ಬ್ಯಾನ್ಸ್’ಗೆ ಕನ್ನಡದಲ್ಲಿ ಏನನ್ನೋಣ? ಪ್ರಕಟಣೆಯೋ, ಕೂಗೋ, ಓಲೆಯೋ?

ಗೆಳೆಯರೇ,

‘ಬ್ಯಾನ್ಸ್’ ಅನ್ನುವ ಒಂದು ಪದ ಎರಡು ವಾರದಿಂದ ಕಾಡುತ್ತಿದೆ. ಮದುವೆಗೆ ಮುಂಚೆ ಚರ್ಚಿನಲ್ಲಿ ಜೋಡಿಯ ಹೆಸರು ಓದಿ, ಅಡ್ಡಿ ಏನಾದರೂ ಇದೆಯೇ ಅಂತ ಕೇಳುವುದಕ್ಕೆ ಇಂಗ್ಲಿಷಿನಲ್ಲಿ ಹಾಗನ್ನುತ್ತಾರೆ. ಹಿನ್ನೆಲೆ ಸ್ವಲ್ಪ ಉದ್ದ, ಬೇಸರ ಮಾಡ್ಕೋಬೇಡಿ.

ನನ್ನ ಅಕ್ಕನ ಮಗಳು ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದಾಳೆ. ಅಲ್ಲಿನ ಹುಡುಗನನ್ನೇ ಮದುವೆಯಾಗುತ್ತಿದ್ದಾಳೆ. ಮದುವೆ ಹುಡುಗನಿರುವ ಊರಿನ ಚರ್ಚಿನಲ್ಲಿ, ಅದು ಚರ್ಚ್ ಆಫ್ ಇಂಗ್ಲೆಂಡಿಗೆ ಸೇರಿದ್ದು. ಅಲ್ಲಿನ ಪಾದ್ರಿಗಳು ಕಾನೂನು, ಖರ್ಚು ಎರಡನ್ನೂ ಬರೆದು ನಾಲ್ಕು ಪುಟದ ಕಾಗದ ಕಳಿಸಿದ್ದಾರೆ. ಮೈಸೂರಿನಲ್ಲಿರುವ ಅಕ್ಕ ಅದನ್ನು ಫೋನಿನಲ್ಲಿ ಕನ್ನಡಕ್ಕೆ ತಿರುಗಿಸಿಕೊಂಡಳು. ಖರ್ಚಿನ ಪಟ್ಟಿಯಲ್ಲಿ ಒಂದು ಸಾಲು ಹೀಗೆ ಬಂತು: ‘ಮದುವೆ ನಿಷೇಧಗಳನ್ನು ಪ್ರಕಟಿಸುವ ಶುಲ್ಕ’.

ಭಾವ ಗಾಬರಿಯಾಗಿ ನನಗೆ ಫೋನ್ ಮಾಡಿದರು. “ಮದುವೆ ನಿಷೇಧ ಮಾಡೋಕೆ ನಾವೇ ದುಡ್ಡು ಕೊಡ್ಬೇಕೇನಪ್ಪಾ?”

ಫೋನಿನದು ಪೂರ್ತಿ ತಪ್ಪಲ್ಲ. ನಿಷೇಧ ಅನ್ನುವ ‘ಬ್ಯಾನ್’, ಮದುವೆಯ ‘ಬ್ಯಾನ್ಸ್’ ಎರಡೂ ಒಂದೇ ಬೇರಿನವು. ಹಳೆಯ ಇಂಗ್ಲಿಷಿನಲ್ಲಿ ಆ ಬೇರಿಗೆ ಕರೆಯುವುದು, ಸಾರುವುದು ಅಂತ ಅರ್ಥ. ಬೇಡ ಅಂತ ಸಾರುವುದು ನಿಷೇಧವಾಯಿತು. ಮದುವೆಯ ಮಾತಿನಲ್ಲಿ ಮಾತ್ರ ಹಳೆಯ ‘ಸಾರು’ ಹಾಗೇ ಉಳಿಯಿತು.

ಆಚರಣೆ ಹೀಗಿದೆ. ಮದುವೆಗೆ ಮುಂಚಿನ ಮೂರು ತಿಂಗಳೊಳಗೆ ಮೂರು ಭಾನುವಾರ, ಆರಾಧನೆಯ ಹೊತ್ತಿನಲ್ಲಿ, ಪಾದ್ರಿಗಳು ನಿಂತು ಹುಡುಗ ಹುಡುಗಿಯ ಹೆಸರು, ಊರು ಓದುತ್ತಾರೆ. ಇವರಿಬ್ಬರು ಮದುವೆಯಾಗದಂತೆ ಕಾನೂನಿನ ಅಡ್ಡಿ ಏನಾದರೂ ನಿಮಗೆ ಗೊತ್ತಿದ್ದರೆ ಈಗಲೇ ಹೇಳಿ ಅನ್ನುತ್ತಾರೆ. ಹುಡುಗನ ಊರಲ್ಲೂ ಓದಬೇಕು, ಹುಡುಗಿಯ ಊರಲ್ಲೂ ಓದಬೇಕು, ಮದುವೆ ಬೇರೆ ಚರ್ಚಿನಲ್ಲಾದರೆ ಅಲ್ಲೂ ಓದಬೇಕು. 1215ರಲ್ಲಿ ರೋಮಿನಲ್ಲಿ ಸೇರಿದ ಧರ್ಮಗುರುಗಳ ಲ್ಯಾಟರನ್ ಸಭೆ ಇದನ್ನು ಇಡೀ ಪಶ್ಚಿಮದ ಚರ್ಚಿಗೆ ನಿಯಮ ಮಾಡಿತು. ಇಂಗ್ಲೆಂಡಿನಲ್ಲಿ ಗುಟ್ಟಾಗಿ ಮದುವೆ ಮಾಡಿಸುವ ದಂಧೆ ವಿಪರೀತವಾದಾಗ, 1753ರ ಕಾಯ್ದೆ ಬ್ಯಾನ್ಸ್ ಇಲ್ಲವೇ ಲೈಸೆನ್ಸ್ ಇಲ್ಲದೆ ಮದುವೆಯೇ ಇಲ್ಲ ಅಂದಿತು. ಸ್ಕಾಟ್ಲೆಂಡಿಗೆ ಆ ಕಾಯ್ದೆ ಇರಲಿಲ್ಲ. ಓಡಿಹೋಗುವ ಜೋಡಿಗಳು ಗಡಿ ದಾಟಿ ಗ್ರೆಟ್ನಾ ಗ್ರೀನ್ ಅನ್ನುವ ಹಳ್ಳಿ ಸೇರುತ್ತಿದ್ದವು.

ಆ ಕಾಗದವನ್ನು ನಾನೇ ಕನ್ನಡಕ್ಕೆ ಮಾಡಲು ಕೂತೆ. ಬ್ಯಾನ್ಸ್‌ಗೆ ನಾನು ಮೊದಲು ಬರೆದದ್ದು ‘ವಿವಾಹ ಪ್ರಕಟಣೆ’. ಸರಿ ಇದೆ ಅಂದುಕೊಂಡೆ. ಎರಡನೇ ಪುಟಕ್ಕೆ ಬಂದಾಗ ಕೈಕೊಟ್ಟಿತು.

ಹುಡುಗಿಯದು ಇಂಡಿಯನ್ ಪಾಸ್‌ಪೋರ್ಟ್, ಕೆಲಸದ ವೀಸಾ. 2021ರ ಜುಲೈನಿಂದ ಅಲ್ಲಿ ಬ್ಯಾನ್ಸ್ ಓದಿಸಿ ಮದುವೆಯಾಗುವ ಅವಕಾಶ ಬ್ರಿಟಿಷ್ ಮತ್ತು ಐರಿಶ್ ಪ್ರಜೆಗಳಿಗೆ, ಐರೋಪ್ಯ ಒಕ್ಕೂಟದ (ಇಯು) ದೇಶಗಳಿಂದ ಬಂದು ಅಲ್ಲೇ ನೆಲೆಯ ಹಕ್ಕು ಪಡೆದವರಿಗೆ ಅಷ್ಟೇ. ಉಳಿದವರು ರಿಜಿಸ್ಟ್ರಾರ್ ಕಚೇರಿಗೆ ಇಬ್ಬರೂ ಜೊತೆಯಲ್ಲಿ ಹೋಗಿ ನೋಟೀಸು ಕೊಡಬೇಕು. 28 ದಿನ ಕಾಯಬೇಕು. ಸರ್ಕಾರಕ್ಕೆ ಪರಿಶೀಲಿಸಬೇಕು ಅನ್ನಿಸಿದರೆ ಅದು 70 ದಿನದವರೆಗೂ ಹೋಗಬಹುದು. ಆಮೇಲೆ ಸಿಗುವ ಸರ್ಟಿಫಿಕೇಟ್ ಹಿಡಿದುಕೊಂಡು ಚರ್ಚಿಗೆ ಬರಬೇಕು. ಇದನ್ನೂ ನಾನು ‘ಪ್ರಕಟಣೆ’ ಅಂತಲೇ ಬರೆದಿದ್ದೆ. ಅಕ್ಕ ಓದಿದಳು.

“ಅಲ್ವೋ, ಪ್ರಕಟಣೆ ಆಗಲ್ಲ, ಅದಕ್ಕೇ ಪ್ರಕಟಣೆ ಕೊಡಿ ಅಂದ್ರೆ ಏನೋ ಅರ್ಥ?”

ಅಕ್ಕ ಹೇಳಿದ್ದು ನಿಜ. ಕಾನೂನು ಬೇರೆ ಬೇರೆ ಅಂದ ಎರಡನ್ನು ನಾನು ಒಂದೇ ಪದದಲ್ಲಿ ಮುಚ್ಚಿದ್ದೆ. ಕಚೇರಿಯದು ಗೋಡೆಗೆ ಹಚ್ಚುವ ಕಾಗದದ ಥರ. ನಮ್ಮಲ್ಲಿ 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆ ಅಧಿಕಾರಿಯ ಬೋರ್ಡಿಗೆ 30 ದಿನ ಹಾಕುತ್ತಾರಲ್ಲ, ಅದೇ ಜಾತಿಯದು. ಓದಿದರೆ ಓದಿ, ಇಲ್ಲದಿದ್ದರೆ ಬಿಡಿ. ಅದಕ್ಕೆ ‘ನೋಟೀಸು’ ಸಾಕು, ಎಲ್ಲರಿಗೂ ಗೊತ್ತಿರುವ ಮಾತು. ಬ್ಯಾನ್ಸ್ ಹಾಗಲ್ಲ. ಅದಕ್ಕೆ ಬಾಯಿ ಇದೆ. 1662ರ ಪ್ರಾರ್ಥನಾ ಪುಸ್ತಕದಲ್ಲಿ ಪಾದ್ರಿ ಕೊನೆಗೆ ‘ಇದು ಮೊದಲನೇ ಸಾರಿ ಕೇಳುತ್ತಿರುವುದು’ ಅನ್ನುತ್ತಾನೆ. ಆಮೇಲೆ ಎರಡನೇ ಸಾರಿ, ಮೂರನೇ ಸಾರಿ. ಅಂದರೆ ಅದು ಬರೀ ಸುದ್ದಿ ಹೇಳುವುದಲ್ಲ, ಊರನ್ನು ಕೇಳುವುದು. ಈ ದನಿ, ಈ ಕೇಳುವಿಕೆ ಎರಡೂ ಪದದಲ್ಲಿ ಬರಬೇಕು ಅನ್ನೋದು ನನ್ನ ಆಸೆ.

ಹೊಳೆದ ಪದಗಳು ಇವು. ‘ಮದುವೆ ಕೂಗು’ ಅಂದರೆ ದನಿ ಬಂತು, ಆದರೆ ಒಂದನೇ ಸಾರಿ, ಎರಡನೇ ಸಾರಿ, ಮೂರನೇ ಸಾರಿ ಅನ್ನುವಾಗ ಹರಾಜು ಕೂಗಿದ ಹಾಗೆ ಕೇಳುತ್ತದೆ. ‘ಮದುವೆ ಸಾರಣೆ’ ಅರ್ಥದಲ್ಲಿ ಹತ್ತಿರ. ಭಾವ ಮಾತ್ರ “ಸಾರು ಜೊತೆ ಹುಳಿನೂ ಇದೆಯಾ” ಅಂದುಬಿಟ್ಟರು. ‘ಡಂಗುರ’ ಬೇಡ, ಅದರಲ್ಲಿ ಮಾನ ಹೋಗುವ ವಾಸನೆ ಇದೆ.

ನೆರೆಯವರನ್ನು ನೋಡಿದೆ. ಮಲಯಾಳಿ ಕ್ರೈಸ್ತರು ಇದಕ್ಕೆ ‘ವಿಳಿಚ್ಚುಚೊಲ್ಲಲ್’ ಅನ್ನುತ್ತಾರೆ, ಕರೆದು ಹೇಳುವುದು ಅಂತ. ತಮಿಳರು ‘ಓಲೈ’ ಓದುವುದು ಅನ್ನುತ್ತಾರೆ. ಇದು ನನಗೆ ತುಂಬ ಹಿಡಿಸಿತು. ನಮ್ಮಲ್ಲೂ ಕರೆಯೋಲೆ ಇದೆ, ಮದುವೆಯೋಲೆ ಅಂದರೂ ಯಾರಿಗೂ ವಿವರಿಸಬೇಕಿಲ್ಲ. ‘ಓಲೆ ಓದಿದರು’ ಅಂದ ಕೂಡಲೇ ಓದುವವರೂ ಕೇಳುವವರೂ ಕಣ್ಣಿಗೆ ಬರುತ್ತಾರೆ. ತೊಡಕು ಒಂದೇ, ಆಮಂತ್ರಣ ಪತ್ರಿಕೆ ಅಂತ ತಪ್ಪು ತಿಳಿಯಬಹುದು. ಸಾರು, ಓಲೆ ಸೇರಿಸಿ ‘ಸಾರೋಲೆ’ ಅಂತ ಹೊಸದಾಗಿ ಕಟ್ಟಬಹುದು. ಹಾಗೆ ಕಟ್ಟಿದ ಪದಗಳು ಹೆಚ್ಚಾಗಿ ಕಟ್ಟಿದವನ ಬಾಯಲ್ಲೇ ಉಳಿಯುತ್ತವೆ, ಅದೇ ಭಯ.

ಇನ್ನೆರಡು ಪದಗಳ ಬಗ್ಗೆಯೂ ನಿಮ್ಮ ಮಾತು ಬೇಕು.

‘ಅಡ್ಡಿ’ ಅಂತ ಮೇಲೆ ಬರೆದೆ. ನಮ್ಮ ಕಚೇರಿಗಳಲ್ಲಿ ‘ಆಕ್ಷೇಪಣೆ’, ‘ತಕರಾರು’ ಓಡುತ್ತವೆ. ತಕರಾರು ಯಾರು ಬೇಕಾದರೂ ತೆಗೆಯಬಹುದು, ಜಾತಕ ಕೂಡಲ್ಲ ಅಂದರೂ ತಕರಾರೇ. ಚರ್ಚು ಕೇಳುವುದು ಅದನ್ನಲ್ಲ. ಈಗಾಗಲೇ ಮದುವೆಯಾಗಿರುವುದು, 18 ತುಂಬದಿರುವುದು (2023ರಿಂದ ಇದರಲ್ಲಿ ರಿಯಾಯಿತಿಯೇ ಇಲ್ಲ), ತೀರಾ ಹತ್ತಿರದ ರಕ್ತಸಂಬಂಧ, ಇಂಥವು. ಆ ಸಂಬಂಧಗಳ ಪಟ್ಟಿ ಓದಿ ಅಕ್ಕ ನಕ್ಕಳು. ಅತ್ತೆಯ ಮಗ, ಮಾವನ ಮಗಳು ಆಗಬಹುದು. ಸೋದರಮಾವ ಮಾತ್ರ ಕೂಡದು. ನಮ್ಮ ಅಜ್ಜಿಯ ಕಾಲಕ್ಕೆ ಮೊದಲ ಹಕ್ಕೇ ಸೋದರಮಾವನದು! ಹಾಗಾಗಿ ‘ಅಡ್ಡಿ’ಯೇ ಸರಿ ಅನ್ನಿಸುತ್ತದೆ, ನೀವೇನಂತೀರಿ?

ಇನ್ನೊಂದು ದುಡ್ಡಿನ ಪದ. ಚರ್ಚಿನ ಮದುವೆಗೆ ದೇಶಕ್ಕೆಲ್ಲ ಒಂದೇ ಫೀಸು. ಜನರಲ್ ಸಿನಾಡ್ ಅನ್ನುವ ಚರ್ಚಿನ ಆಡಳಿತ ಸಭೆ ಒಪ್ಪಿದ ಆದೇಶದಂತೆ ನಿಗದಿಯಾಗುತ್ತದೆ. ಈಗ ಅದು 500 ಪೌಂಡು ದಾಟಿದೆ. ಹಳ್ಳಿಯ ಚರ್ಚಾದರೂ ಅಷ್ಟೇ, ಪಟ್ಟಣದ ದೊಡ್ಡ ಚರ್ಚಾದರೂ ಅಷ್ಟೇ. ಬ್ಯಾನ್ಸ್ ಓದುವುದಕ್ಕೆ ಬೇರೆ. ನಾನು ಮೊದಲು ‘ದಕ್ಷಿಣೆ’ ಅಂತ ಬರೆದು ಹೊಡೆದುಹಾಕಿದೆ. ಈ ಹಣ ಪಾದ್ರಿಗಳ ಜೇಬಿಗೆ ಹೋಗುವುದಿಲ್ಲ, ಊರಿನ ಚರ್ಚಿನ ಮಂಡಳಿಗೂ ಮೇಲಿನ ಡಯಾಸಿಸ್‌ಗೂ, ಅಂದರೆ ಬಿಷಪ್ಪರ ಆಡಳಿತ ಪ್ರಾಂತ್ಯಕ್ಕೂ, ಹಂಚಿಹೋಗುತ್ತದೆ. ‘ಕಾಣಿಕೆ’ ಅಂದರೆ ಮನಸ್ಸಿಗೆ ಬಂದಷ್ಟು ಹಾಕಬಹುದು ಅಂದುಕೊಳ್ಳುತ್ತಾರೆ. ‘ಮದುವೆ ಶುಲ್ಕ’ ಅಂದರೆ ಕನ್ಯಾಶುಲ್ಕ ನೆನಪಾಗುತ್ತದೆ. ಸುಮ್ನೆ ‘ನಿಗದಿ ಫೀಸು’ ಅಂದೆ. ಅದರ ಕೆಳಗೆ ಬರುವ ಆರ್ಗನ್ ನುಡಿಸುವವರು, ಹಾಡುವವರು, ಗಂಟೆಯವರು, ಹೂವು, ಚಳಿಗೆ ಹೀಟರು, ಇವೆಲ್ಲ ಬೇಕಿದ್ದರೆ ಮಾತ್ರ, ಚರ್ಚಿನಿಂದ ಚರ್ಚಿಗೆ ಬೇರೆ. ವಿಡಿಯೊ ತೆಗೆಸಿದರೆ ಆರ್ಗನ್‌ನವರಿಗೆ ಜಾಸ್ತಿ ಕೊಡುವ ರೂಢಿಯೂ ಉಂಟು. ನಮ್ಮ ವಾಲಗದವರ ಕಿವಿಗೆ ಇದು ಬೀಳದಿರಲಿ.

ಅಂದಹಾಗೆ, ಅಲ್ಲಿನ ಪಾದ್ರಿಗಳನ್ನು ‘ವಿಕಾರ್’ ಅನ್ನುತ್ತಾರೆ. ಬಹುವಚನ ಹಚ್ಚಿ ‘ವಿಕಾರರು’ ಅಂತ ಬರೆದು ನಾನೇ ಬೆಚ್ಚಿದೆ. ಮಂಗಳೂರಿನ ಕೊಂಕಣಿಯವರು ‘ವಿಗಾರ್’ ಅಂತ ಪೋರ್ಚುಗೀಸಿನ ದಾರಿಯಲ್ಲಿ ತಂದುಕೊಂಡು ಬಚಾವಾಗಿದ್ದಾರೆ. ನಾನು ‘ಪಾದ್ರಿಗಳು’ ಅಂತ ಉಳಿಸಿಕೊಂಡೆ.

ಮುಹೂರ್ತದ ವಿಷಯದಲ್ಲಿ ಪದದ ತೊಂದರೆ ಇರಲಿಲ್ಲ, ಅಕ್ಕನದೇ ತೊಂದರೆ. ಚರ್ಚ್ ಆಫ್ ಇಂಗ್ಲೆಂಡಿನ ಮದುವೆ ಬೆಳಗ್ಗೆ 8ರಿಂದ ಸಂಜೆ 6ರೊಳಗೆ ಆಗಬೇಕು. ಜೋಯಿಸರು ಕೊಟ್ಟದ್ದು ಬೆಳಗಿನ 5:40. ಇಂಗ್ಲೆಂಡಿನ ಗಡಿಯಾರದಲ್ಲೋ ಮೈಸೂರಿನದರಲ್ಲೋ ಅಂತ ಕೇಳಿದ್ದಕ್ಕೆ ಅಕ್ಕ ಫೋನಿಟ್ಟಳು. ಮಾರನೇ ದಿನ ಅವಳೇ ಫೋನ್ ಮಾಡಿದಳು. ಮದುವೆ ದಿನ ಸಹಿ ಹಾಕುವ ಕಾಗದದಲ್ಲಿ 2021ರಿಂದ ತಾಯಿಯ ಹೆಸರೂ ಬರುತ್ತದೆ, ಮೊದಲು ಅಪ್ಪಂದಿರದ್ದು ಮಾತ್ರ ಇತ್ತು ಅಂತ ಮಗಳು ಹೇಳಿದ್ದಳಂತೆ. ಮುಹೂರ್ತದ ಸಿಟ್ಟು ಅಲ್ಲಿಗೆ ಇಳಿಯಿತು.

ಈಗ ನನ್ನ ಪ್ರಶ್ನೆ. ನಿಮ್ಮಲ್ಲಿ ಕ್ರೈಸ್ತ ಮನೆತನದವರು ಇದ್ದೀರಿ. ಹುಬ್ಬಳ್ಳಿ ಧಾರವಾಡದ ಕಡೆ, ಬಾಸೆಲ್ ಮಿಷನ್ನಿನ ಹಳೆಯ ಕುಟುಂಬಗಳಲ್ಲಿ, ಬೆಂಗಳೂರಿನ ಕನ್ನಡ ಚರ್ಚುಗಳಲ್ಲಿ, ಕರಾವಳಿಯ ಇಗರ್ಜಿಗಳಲ್ಲಿ ಭಾನುವಾರ ಮದುವೆಯ ಹೆಸರು ಓದಿದಾಗ ಹಿರಿಯರು ಏನನ್ನುತ್ತಿದ್ದರು? ಪುಸ್ತಕದ ಪದ ಬೇಡ. ಚರ್ಚಿನಿಂದ ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ‘ಇವತ್ತು ಅವರ ಮಗಳದ್ದು ... ಆಯಿತು’ ಅಂತಾರಲ್ಲ, ಆ ಚುಕ್ಕಿಯ ಜಾಗದ ಪದ ಬೇಕು.

ಸೋದರ ಸೊಸೆಗೆ ಅದು ಉಪಯೋಗಕ್ಕಿಲ್ಲ, ಅವಳದ್ದು ನೋಟೀಸು. ಖರ್ಚಿನ ಪಟ್ಟಿಯಿಂದ ಆ ಸಾಲನ್ನೇ ಪಾದ್ರಿಗಳು ಹೊಡೆದಿದ್ದಾರೆ. ಆದರೆ ಯಾಕೆ ಹೊಡೆದರು ಅಂತ ಭಾವನಿಗೆ ಹೇಳಬೇಕಲ್ಲ. ಸದ್ಯಕ್ಕೆ ಅಲ್ಲಿ ‘ಓಲೆ’ ಅಂತ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ.